ಕಂದು ಗಾಜಿನ ಕೋಣೆ

"ಹಲೋ... ಯಾರು ಮಾತಾಡುವುದು? ಶೇಷಪ್ಪಣ್ಣನಾ? ನಾನು ಲಾಯಿಲದ ಮಮ್ಮು. ಗೇರುಬೀಜದ ಫ್ಯಾಕ್ಟರಿಯ ಮಮ್ಮು ಮಾರಾಯ್ರೆ... ಹಾಂ, ಹಾಂ. ನಿಮ್ಮ ಪಕ್ಕದ ಮನೆಯ ಸರಸಳನ್ನು ಒಮ್ಮೆ ಕರೀತೀರಾ?... ಕೂಗಿದರೆ ಸಾಕಾ? ಆಯ್ತು, ಹಿಡಿದುಕೊಂಡೇ ಇರ್ತೇನೆ."

ಫ್ಯಾಕ್ಟರಿಯ ಯಜಮಾನ ಮಮ್ಮು ತಮ್ಮ ಆಫೀಸಿನಲ್ಲಿ ಕೂತು ಕಾದರು. ಫೋನಿನ ಆಚೆ, ಮುಂಡಾಜೆಯ ಶೇಷಪ್ಪಣ್ಣನ ಅಂಗಳದಲ್ಲಿ ನಾಯಿಯೊಂದು ಬೊಗಳುವುದು ಕೇಳುತ್ತಿತ್ತು. ಹೇಳಬೇಕಾದದ್ದನ್ನು ಬೆಳಗಿನಿಂದ ಮನಸ್ಸಿನಲ್ಲೇ ನಾಲ್ಕು ಸಲ ಹೇಳಿ ನೋಡಿದ್ದರು.

"ಸರಸನಾ?... ಹೌದು, ನಾನೇ... ಇಡಬೇಡ, ಇಡಬೇಡ! ಒಂದು ಮಾತು ಕೇಳು."

...

"ಆ ದಿನದ ವಿಷಯವೇ. ಬೀಜ ಆರಿಸುವಾಗ ಒಳ್ಳೆಯ ಬಿಳಿ ಬೀಜವನ್ನೆಲ್ಲ ಸುಟ್ಟು ಕಂದಿದ್ದರ ರಾಶಿಗೆ ಹಾಕಿದ್ದೀ ಅಂತ ಬೈದೆ ಅಲ್ವಾ?... ಹೌದು, ಕಣ್ಣು ಹೋಗಿದೆ, ಮನೆಯಲ್ಲಿ ಕೂತ್ಕೋ ಅಂದೆ. ಮರೆತಿಲ್ಲ... ನಿನ್ನ ಜಾಗಕ್ಕೆ ಬಂದವಳೂ ಹಾಗೆಯೇ ಮಾಡಿದಳು. ಇಪ್ಪತ್ತು ವರ್ಷದ ಹುಡುಗಿ! ಅವಳಿಗೆ ತೋರಿಸಿಕೊಡುವ ಅಂತ ನಿನ್ನೆ ನಾನೇ ಆ ಬೆಂಚಿನಲ್ಲಿ ಕೂತೆ... ಹಾಂ, ನಾನೇ. ನಗು, ನಗು. ನನಗೂ ಎಲ್ಲ ಬೀಜ ಕಂದಿದ ಹಾಗೆಯೇ ಕಾಣ್ತದೆ. ಅದೇ ತಟ್ಟೆ ಅಂಗಳಕ್ಕೆ ತಂದರೆ ಬೆಳ್ಳಗೆ ಉಂಟು!"

...

"ಗಾಜು ಸರಸ, ಈ ಹೊಸ ಕಟ್ಟಡದ ಗಾಜು. ಪರಿಸರಕ್ಕೆ ಒಳ್ಳೆಯದು, ಸೆಕೆ ಕಡಿಮೆ, ಕರೆಂಟು ಉಳೀತದೆ ಅಂತ ಅಳಿಯ ಉನೈಸ್ ನಕ್ಷೆ ಹಾಕಿದ್ದು... ಇಲ್ಲ, ಅವನಿಗೆ ಬೈಬೇಡ. ಬೀಜ ಆರಿಸುವ ಕೋಣೆಗೆ ಬಿಳಿ ಗಾಜು, ತೆರೆಯುವ ಕಿಟಕಿ ಅಂತಲೇ ಬರೆದಿದ್ದ. ರಸ್ತೆಯಿಂದ ನೋಡಿದರೆ ಒಂದೇ ನಮೂನೆ ಚಂದ ಕಾಣಲಿ ಅಂತ ಎಲ್ಲ ಕಡೆ ಕಂದು ಗಾಜು ಜಡಿಸಿದ್ದು ನಾನು."

...

"ಹೌದು, ನೀನು ಹೇಳಿದ್ದಿ. ಬೆಳಕು ಸರಿಯಿಲ್ಲ, ಗಾಳಿ ಇಲ್ಲ, ಮಧ್ಯಾಹ್ನಕ್ಕೆ ತಲೆ ಸಿಡೀತದೆ ಅಂತ. ಕೆಲಸಗಳ್ಳರ ನೆಪ ಅಂದುಬಿಟ್ಟೆ... ಹಳೆ ಶೆಡ್ಡಿನಲ್ಲಿ ಒಂದು ದಿನಕ್ಕೆ ಮುಗೀತಿದ್ದ ಕೆಲಸ ಇಲ್ಲಿ ಒಂದೂವರೆ ದಿನ ಹಿಡೀತದೆ. ನನಗೆ ಒಂದೇ ಗಂಟೆಗೆ ಸಾಕಾಯಿತು."

...

"ಏನು? ಮೂಡುಬಿದಿರೆಗೆ ಹೋಗಿ ಕಣ್ಣು ತೋರಿಸಿದೆಯಾ?... ಏನೂ ದೋಷ ಇಲ್ಲ ಅಂದರಾ? ಮತ್ತೆ?... ಅಕ್ಕಿಯ ಕಲ್ಲು ಹೆಕ್ಕಲಿಕ್ಕೂ ಪಕ್ಕದ ಮನೆಯವರನ್ನು ಕರೀತೀಯಾ?... ಡಾಕ್ಟ್ರನ್ನು ನಂಬಲಿಲ್ಲ, ನನ್ನನ್ನು ನಂಬಿದೆಯಾ?"

ಹದಿನೆಂಟು ವರ್ಷ ಅವಳು ಆರಿಸಿದ ಬೀಜವನ್ನು ಮಮ್ಮು ಎರಡನೇ ಸಲ ನೋಡಿದ್ದೇ ಇಲ್ಲ. ಅವರು ಕುರ್ಚಿಯಿಂದ ಎದ್ದರು.

"ನನ್ನದು ತಪ್ಪಾಯಿತು ಸರಸ... ಏನು? ಇಲ್ಲ, ಇಲ್ಲಿ ಯಾರೂ ಇಲ್ಲ. ಬಾಗಿಲು ಹಾಕಿಯೇ ಮಾತಾಡ್ತಿದ್ದೇನೆ... ಹಾಂ... ಹೌದು. ಅವತ್ತು ಹಾಕಿರಲಿಲ್ಲ. ನಲವತ್ತು ಜನರ ಎದುರೇ ಅಂದದ್ದು... ಇಡಬೇಡ. ಹಿಡ್ಕೋ, ಹಿಡ್ಕೋ."

ಫೋನಿನ ವಯರು ಹೊಸ್ತಿಲವರೆಗೆ ಮಾತ್ರ ಬಂತು. ಮಮ್ಮು ಬಾಗಿಲು ತೆರೆದು, ರಿಸೀವರನ್ನು ಬೀಜ ಆರಿಸುವ ಕೋಣೆಯ ಹೆಂಗಸರ ಕಡೆ ಚಾಚಿ ಹಿಡಿದರು.

"ಎಲ್ಲರೂ ಕೇಳಿ! ಸರಸಳ ಕಣ್ಣು ಸರಿ ಉಂಟು. ಅವಳು ಸರಿಯಾಗಿಯೇ ಹೇಳಿದ್ದು, ನಾನೇ ಕೇಳಲಿಲ್ಲ. ಅವಳಿಗೆ ಬೈದದ್ದು ನನ್ನ ತಪ್ಪು! ನಾಳೆ ಈ ಗಾಜು ತೆಗೆಸ್ತೇನೆ."

ತಟ್ಟೆಗಳ ಮೇಲೆ ಕೈಗಳೆಲ್ಲ ನಿಂತವು. ಮಮ್ಮು ರಿಸೀವರನ್ನು ಕಿವಿಗಿಟ್ಟರು.

"ಕೇಳಿಸಿತಾ?... ಸರಸ?... ಹಲೋ... ಎಲ್ಲಿವರೆಗೆ ಕೇಳಿಸಿತು ಮಾರಾಯ್ತಿ?..."

ಲೈನು ಕಡಿದಿತ್ತು.