ಒಲೆಗೆ ಹಚ್ಚಿದ ಮುಲ್ತಾನಿ

ಅದು ೧೯೯೯ರ ಬೇಸಿಗೆ. ಜತ್ತ ಬಸ್‌ಸ್ಟ್ಯಾಂಡಿನಲ್ಲಿ ನಾನು ಸನಮಡಿ ಗಾಡಿಗೆ ಕಾಯುತ್ತಿದ್ದೆ. ಅದೇ ಬೆಂಚಿನ ಆ ತುದಿಗೆ ಸಂಖದ ಸಾವಿತ್ರೆವ್ವ ತನ್ನ ನೆರೆಮನೆಯ ಸೈರಾಬಾನುವಿಗೆ ಸೊಸೆಯ ಪುರಾಣ ಬಿಚ್ಚಿದ್ದಳು.

“ಮಾರಿ ಹೊಳೀಬೇಕಂತ ರೊಕ್ಕಾ ಕೊಟ್ಟು ಮಣ್ಣು ತಂದಿದ್ಳು, ಸೈರಾ. ನಮ್ಮ ಹೊಲದಾಗ ಮಣ್ಣಿಗೇನು ಬರ ಬಂದದ?”

“ಅದು ಮುಲ್ತಾನಿ ಮಣ್ಣು. ಮಾರಿಗಿ ಹಚ್ಚೂದು.”

“ನನಗೇನ ಗೊತ್ತು? ಪಾಕೀಟಿನ ಮ್ಯಾಲ ಮರಾಠ್ಯಾಗ ಮಾತಿ ಅಂತ ಬರದಿತ್ತು. ಮಾತಿ ಅಂದ್ರ ಮಣ್ಣ ಹೌದಲ್ಲ? ಅರ್ಧ ಪಾಕೀಟ ಸಗಣ್ಯಾಗ ಕಲಸಿ ಒಲಿ ಸಾರಿಸಿದೆ.”

“ಅದಕ್ಕ ಸಿಟ್ಟಾಗಿ ತವರಿಗಿ ಹೋದ್ಳೇನು?”

“ಹೋಗ್ಲಿ ಬಿಡು. ಅಕಿ ಮಾರಿಗಿಂತ ನನ್ನ ಒಲಿನ ಚಲೋ ಹೊಳೀತದ. ನಸಕಿನ್ಯಾಗ ಎದ್ದು ನಾಕು ರೊಟ್ಟಿ ಬಡದ್ರ ಮಾರಿ ತಾನ ಹೊಳೀತದ. ನಾವೇನು ಹಚ್ಚಿದ್ವಿ?”

“ಮತ್ತ ಈ ಚೀಲದಾಗ ಎರಡು ಪಾಕೀಟ ಯಾಕ?”

“ಮಗ ತಾ ಅಂದಾನ. ಒಂದು ಅಕಿ ಕೈಯಾಗ ಕೊಟ್ಟು ಕರಕೊಂಡು ಬರ್ತಾನಂತ.”

“ಇನ್ನೊಂದು?”

“ಒಲಿಗಿ.”

ಸಂಖದ ಬಸ್ಸು ಬಂತು. ಸಾವಿತ್ರೆವ್ವ ಮುಂದಾಗಿ ಮೆಟ್ಟಿಲು ಹತ್ತಿದಳು. ಗಾಳಿಗೆ ಅವಳ ಸೆರಗು ಜಾರಿತು. ಹಿಂದಿದ್ದ ಸೈರಾಬಾನು ಅದನ್ನು ಎಳೆದು ತಲೆಯ ಮೇಲೆ ಹೊದಿಸಿದಳು.

“ಸರೀಗಿ ಹೊಚ್ಚಿಕೋ, ಸಾವಿತ್ರೆವ್ವ. ಒಲಿಗಿ ಹಚ್ಚಿ ಉಳದದ್ದು ನಿನ್ನ ಕಿವಿ ಹಿಂದ ಒಣಗೇದ.”