ಎಣ್ಣೆ ಒಂದು ಮನೆಯದು, ಬತ್ತಿ ಒಂದು ಮನೆಯದು

ನಂಜನಗೂಡಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ರಿಪೋರ್ಟಿಗೆ ಕಾಯುತ್ತಿದ್ದ ಮಧುಶ್ರೀಯ ಎದುರಿನ ಬೆಂಚಿಗೆ, ಎಣ್ಣೆಯ ಗಿಂಡಿ ಹಿಡಿದ, ಹಣೆ ತುಂಬ ವಿಭೂತಿಯ ಮುದುಕರೊಬ್ಬರು ಬಂದು ಕೂತರು. ಅಲ್ಲಿದ್ದ ಹೆಂಗಸು ಜರುಗಿ ಜಾಗ ಕೊಟ್ಟಳು.

“ಅವ್ವ ಎಂಗವ್ಳೆ, ಯಶೋಧರಾ?”

“ಬಲಗೈಗೆ ಪಟ್ಟಿ ಹಾಕವ್ರೆ ಗುರುಮಲ್ಲಪ್ಪೋರೆ. ಒಂದೂವರೆ ತಿಂಗ್ಳು ಆಡಿಸಂಗಿಲ್ವಂತೆ. ಗದ್ದುಗೆ ದೀಪ?”

“ಮೂರು ದಿನದಿಂದ ಸ್ವಾಮಿ ಕತ್ತಲೇಲವ್ನೆ. ಎಣ್ಣೆ ತಕ್ಕೊಂಡೋಗಿ ವಾಪಸ್ ತತ್ತಿದ್ದೆ. ಇವತ್ತು ಇಲ್ಗೇ ತಂದೆ.”

“ಅಂಗ್ಡೀಲಿ ಬತ್ತಿ ಸಿಕ್ತದಲ್ಲ.”

“ಸಿಕ್ತದೆ. ಎಣ್ಣೆನೂ ನಮ್ದೆ, ಬತ್ತಿನೂ ನಮ್ದೆ ಅಂದ್ರೆ ಸ್ವಾಮಿನೂ ನಮ್ಮೊಬ್ರ ಮನೆಯವ್ನೇ ಆಗೋಯ್ತನೆ. ನಮ್ಮ ತಾತ, ಮುತ್ತಾತ ಯಾರೂ ಅಂಗ್ ಮಾಡ್ಲಿಲ್ಲ.”

“ನಾನು ಬುದ್ಧನ್ನ ನಂಬಿರೋಳು, ನಿಮ್ಗೆ ಗೊತ್ತು.”

“ನಂಬಿಕೆ ಕೇಳಕ್ಕೆ ಬರ್ಲಿಲ್ಲ ಕಣವ್ವ. ಬತ್ತಿ ಕೇಳಕ್ಕೆ ಬಂದೆ.”

ಯಶೋಧರಾ ಬ್ಯಾಗಿನಿಂದ ಕಾಗದದ ಪೊಟ್ಟಣ ತೆಗೆದಳು.

“ನರ್ಸ್ ತಾವ ಹತ್ತಿ ಈಸ್ಕಂಡು ಬೆಳಿಗ್ಗೆ ಅವ್ವನೇ ಹೊಸೆದ್ಲು. ಒಂದೇ ಕೈಲಿ ಆಗ್ಲಿಲ್ಲ. ನನ್ನ ಅಂಗೈ ಮೇಲಿಟ್ಟು ಎಡಗೈಲಿ ಹೊಸೆದ್ಲು. ತಕ್ಕೊಳಿ.”

ಮುದುಕರು ಕೈ ಹಿಂದಕ್ಕೆಳೆದುಕೊಂಡರು. ಮಧುಶ್ರೀಗೆ ಮೈಯೆಲ್ಲ ಉರಿಯಿತು. ಇನ್ನೂ ಇದೇ ಮೈಲಿಗೆಯೇನು?

“ನಾನು ಮುಟ್ಟಂಗಿಲ್ಲ ಕಣವ್ವ. ಬತ್ತಿ ಇಡೋ ಅಧಿಕಾರ ನಿಮ್ಮನೇದು. ನೀನೇ ಬಂದು ಇಡ್ಬೇಕು.”

“ಅವ್ವನ ತಾವ ಯಾರಿರ್ತಾರೆ?”

“ನಮ್ಮನೇವ್ಳು ಬಂದವ್ಳೆ, ಕೂತ್ಕತಾಳೆ.”

ಯಶೋಧರಾ ವಾರ್ಡಿನ ಬಾಗಿಲ ಕಡೆ ಒಮ್ಮೆ ನೋಡಿ ಎದ್ದಳು.

“ಹುಲ್ಲಹಳ್ಳಿ ಬಸ್ ಎಷ್ಟೊತ್ಗೆ?”

“ಈಗ್ಲೇ ಒಂದದೆ.”

ದಾರಿ ಬಿಡಲು ಎದ್ದ ಮಧುಶ್ರೀ ಮತ್ತೆ ಕೂರಲಿಲ್ಲ. ಯಶೋಧರಾ ಬತ್ತಿಯನ್ನು ಅಂಗೈ ಮೇಲಿಟ್ಟುಕೊಂಡು ಹೊರಟಿದ್ದಳು. ಮುದುಕರು ಫ್ಯಾನಿನ ಗಾಳಿಗೆ ಟವೆಲ್ ಮರೆ ಹಿಡಿದು, ಆಗಲೇ ಉರಿಯುತ್ತಿರುವ ದೀಪವನ್ನು ಕಾಯುವವರ ಹಾಗೆ, ಅವಳ ಪಕ್ಕದಲ್ಲೇ ಬಾಗಿಲು ದಾಟಿ ಹೋದರು.