ಸಮಾಧಿ ಬಳಸಿ ಬಸಿಗಾಲುವೆ

ಚೆನ್ನೈನ ವಡಪಳನಿ ಬಸ್ ನಿಲ್ದಾಣದಲ್ಲಿ ನನ್ನ ಬೆನ್ನ ಹಿಂದೆ ನಮ್ಮೂರಿನ ಕನ್ನಡ ಕೇಳಿಸಿತು. ಅಜ್ಜಿ ಕತೆ ಶುರುಮಾಡಿದಾಗಿನ ಹಾಗೆ ಸುತ್ತಲಿನ ಗದ್ದಲವೆಲ್ಲ ದೂರ ಸರಿಯಿತು. ಊರಿನಿಂದ ಬಂದಿದ್ದ ಕುಮಾರಸ್ವಾಮಿ ಇಲ್ಲೇ ನೆಲೆಸಿದ್ದ ತನ್ನ ಚಿಗವ್ವ ಬಸವಣ್ಣೆಮ್ಮನನ್ನು ಒಪ್ಪಿಸಲು ನೋಡುತ್ತಿದ್ದ.

“ನಿನ್ನ ಗದ್ದೇಲಿ ಬಸಿಗಾಲುವೆ ತೋಡದಿದ್ರೆ ಯಾರ ಗದ್ದೆ ಮಣ್ಣಿಗೆ ಹತ್ತಿರೋ ಉಪ್ಪೂ ನೀರ್ನಾಗೆ ಬಸಿದು ಹೋಗಾಕಿಲ್ಲ ಚಿಗವ್ವ. ಮಿಕ್ಕ ಮನೆಯೋರೆಲ್ಲ ಒಪ್ಪವ್ರೆ.”

“ಅಲ್ಲಿ ನಿನ್ನ ಚಿಗಪ್ಪ ಮಲಗವ್ರಲ್ಲೋ. ಅವರ ಸಮಾಧಿ ಅಗೀತೀರಾ?”

“ಬಿಡ್ತು ಅನ್ನು! ಅದನ್ನ ಬಳಸ್ಕೊಂಡು ಹೋಗ್ತೀವಿ. ಅದಕ್ಕೇ ಪಕ್ಕದ ಗುರುಬಸಪ್ಪ ತನ್ನ ಗದ್ದೇಲಿ ಎರಡು ಗುಂಟೆ ಬಿಟ್ಟುಕೊಟ್ಟ.”

“ಆ ಜಗಳಗಂಟನಾ? ಬದಕ್ಕೆ ಕಾಲಿಟ್ರೆ ಕೋಲು ತರ್ತಿದ್ದ!”

“ಅವನೇಯ. ‘ಉಪ್ಪು ಬದ ನೋಡ್ಕೊಂಡು ಬರ್ತದಾ’ ಅಂದ.”

ಒಂದು ಬಸ್ಸು ಬಂದು ಹೋಯಿತು. ಇಬ್ಬರೂ ಹತ್ತಲಿಲ್ಲ.

“ಕಾಲುವೆ ತೋಡಾಕೆ ಮನೆಗೊಂದಾಳು ಬರಬೇಕಲ್ಲ. ನಮ್ಮನೆಯಿಂದ ಯಾರು?”

“ನಾನೇ ಎರಡಾಳು ಗೇಯ್ತೀನಿ ಬಿಡು.”

“ಬ್ಯಾಡ. ಊರ ಮನೆ ಅಟ್ಟದಲ್ಲಿ ನಿನ್ನ ಚಿಗಪ್ಪನ ಗುದ್ದಲಿ ಅದೆ, ಹೊಸ ಮರದ ಕಾವು ಹಾಕ್ಸು. ನಾನೇ ಬತ್ತೀನಿ.”

“ಈ ವಯಸ್ನಾಗೆ?”

“ಸಾಯೋಗಂಟ ಆ ಉಪ್ಪಿನ ಗದ್ದೇಲಿ ಒಂದು ಪೈರು ಕಾಣ್ಲಿಲ್ಲ ಅವರು.”

ಅವರ ಬಸ್ಸು ಬಂತು. ಸೀರೆಯ ನೆರಿಗೆ ಎತ್ತಿ ಮೆಟ್ಟಿಲೇರುತ್ತ ಆಕೆ ತಿರುಗಿ ನಕ್ಕಳು.

“ಭತ್ತದ ಹೂವಿನ ವಾಸ್ನೆಗೆ ನಿನ್ನ ಚಿಗಪ್ಪ ಎದ್ದು ಕೂತ್ಕೊಂಡಾರು. ಹೆದರ್ಬ್ಯಾಡ, ಅನ್ನ ಕೇಳ್ತಾರೆ ಅಷ್ಟೇ.”